ರಾಣಿಯ ದನಿಯಿದ್ದ ಡಿಸ್ಕು

"ಕಡೆಗೋಡಿನ ಪ್ರಜೆಗಳೇ, ಕೇಳಿರಿ! ತೀರಿಹೋದ ನಮ್ಮ ರಾಣಿಯವರ ಹಾಡುಗಳು ಎರಡು ಹಾರ್ಡ್ ಡಿಸ್ಕುಗಳಲ್ಲಿದ್ದವು. ಒಂದು ಸತ್ತಿತು. ಉಳಿದದ್ದು ರಾಜಕುಮಾರಿಯವರ ಕೋಣೆಯ ಕಂಪ್ಯೂಟರಿನಲ್ಲಿ ಕಾದ ಹಂಚಿನಂತೆ ಸುಡುತ್ತಿದೆ, ಗಾಣದಂತೆ ಕಿರುಗುಟ್ಟುತ್ತಿದೆ. ಅದನ್ನು ತಣ್ಣಗೆ, ಸದ್ದಿಲ್ಲದಂತೆ ಇರಿಸಬಲ್ಲವರು ಬರಬಹುದು. ಆದರೆ ಮೊದಲು ಮೂರು ಒಗಟು ಬಿಡಿಸಬೇಕು. ಬಿಡಿಸಿದವರಿಗೆ ಕೇಳಿದ್ದು ಸಿಗುತ್ತದೆ. ತಪ್ಪಿದವರ ತಲೆ ಅಮಾವಾಸ್ಯೆಗೆ ಉರುಳುತ್ತದೆ!"

ಡಂಗುರದವನು ಕುಂಬಾರಗೇರಿ ದಾಟಿಹೋದ ಮೇಲೂ ದೇವೀರಿ ಅಂಗಡಿಯ ಬಾಗಿಲಲ್ಲೇ ನಿಂತಿದ್ದಳು. ಕೆಟ್ಟ ಮಿಕ್ಸಿ, ಫ್ಯಾನು, ಕಂಪ್ಯೂಟರುಗಳನ್ನು ರಿಪೇರಿ ಮಾಡುವ ಪುಟ್ಟ ಅಂಗಡಿ ಅದು. ಕೆಲಸ ಕಲಿಸಿದವನು ಅಪ್ಪ ಚೌಡಯ್ಯ. ಮೊದಲ ಡಂಗುರ ಕೇಳಿ ವಾರದ ಹಿಂದೆ ಅರಮನೆಗೆ ಹೋದವನು ತಿರುಗಿ ಬಂದಿರಲಿಲ್ಲ. ಎರಡು ಒಗಟು ಬಿಡಿಸಿ ಮೂರನೆಯದರಲ್ಲಿ ಸೋತನೆಂದು ಕಾವಲುಗಾರ ಹೇಳಿದ್ದ. ಅಮಾವಾಸ್ಯೆಗೆ ಇನ್ನು ಮೂರೇ ದಿನ.

ದೇವೀರಿ ಅಂಗಡಿಗೆ ಬೀಗ ಹಾಕಿದಳು.

ಅರಮನೆಯ ಒಳಸಭೆಯಲ್ಲಿ ಅವಳಿಗಿಂತ ಮುಂದೆ ಪಕ್ಕದ ದೇಶದ ರಾಜಕುಮಾರ ರಣಧೀರ ನಿಂತಿದ್ದ. ಎತ್ತರದ ಪೀಠದಲ್ಲಿ ಶೂರಪಾಲ ದೊರೆ, ಪಕ್ಕದಲ್ಲಿ ಮಗಳು ಕುಮುದ್ವತಿ. ಅತ್ತು ಅತ್ತು ಅವಳ ಕಣ್ಣಿನ ಸುತ್ತ ಕಪ್ಪುಗಟ್ಟಿತ್ತು.

ಅವಳು ಕೇಳಿದಳು: "ಅವನು ಸದಾ ಓಡುತ್ತಾನೆ, ಹೊಸಿಲು ದಾಟುವುದಿಲ್ಲ. ನೆನಪೆಲ್ಲ ಅವನ ಬೆನ್ನ ಮೇಲೆ. ಅಣ್ಣನಿಗೆ ಓಟ ಹೆಚ್ಚು, ತಮ್ಮನಿಗೆ ಕಡಿಮೆ. ನನ್ನ ಮನೆಗೆ ಯಾರನ್ನು ಕರೆಯಲಿ?"

ರಣಧೀರ ನಕ್ಕ. "ಇದೂ ಒಂದು ಒಗಟೇ? ಅದು ಹಾರ್ಡ್ ಡಿಸ್ಕು. ರಾಜಕುಮಾರಿಯ ಮನೆಗೆ ಅಣ್ಣನೇ ಬರಬೇಕು. ನಿಧಾನದ್ದು ಬಡವರಿಗೆ."

ಕುಮುದ್ವತಿ ಕೈ ಎತ್ತಿದಳು. ಭಟರು ಅವನ ರಟ್ಟೆ ಹಿಡಿದರು. ನಗು ಮುಖದಲ್ಲಿ ಇನ್ನೂ ಅಂಟಿಕೊಂಡಿರುವಾಗಲೇ ಅವನನ್ನು ಎಳೆದೊಯ್ದರು.

"ಮುಂದೆ ಬಾ. ನೀನು ಏನೆನ್ನುತ್ತೀಯ?" ಎಂದು ರಾಜಕುಮಾರಿ ದೇವೀರಿಯನ್ನು ಕೇಳಿದಳು.

ದೇವೀರಿ ಮುಂದೆ ಬಂದಳು. "ತಮ್ಮನನ್ನು ಕರೆಯಿರಿ ಅಮ್ಮಣ್ಣಿ. ಅಣ್ಣ ನಿಮಿಷಕ್ಕೆ ಏಳು ಸಾವಿರದ ಇನ್ನೂರು ಸುತ್ತು ಸುತ್ತುತ್ತಾನೆ, ತಮ್ಮ ಐದು ಸಾವಿರದ ನಾನೂರು. ವೇಗ ಏರಿದಷ್ಟೂ ಮೈ ಸುಡುತ್ತದೆ, ದನಿಯೂ ಏರುತ್ತದೆ. ಹಾಡು ಕೇಳುವುದಕ್ಕೆ ತಮ್ಮನ ನಡಿಗೆ ಬೇಕಾದಷ್ಟಾಯಿತು."

"ಸರಿ. ಎರಡನೆಯದು. ತಾನು ಪಿಸುಗುಟ್ಟುತ್ತದೆ, ಗೋಡೆ ಕೂಗುತ್ತದೆ. ಬಿಗಿದು ಕಟ್ಟಿದರೆ ಕೂಗು ಹೆಚ್ಚು, ತೊಟ್ಟಿಲಲ್ಲಿಟ್ಟರೆ ಗಪ್‌ಚಿಪ್. ಏನದು?"

"ಡಿಸ್ಕಿನ ನಡುಕ. ತಗಡಿನ ಪೆಟ್ಟಿಗೆಗೆ ಸ್ಕ್ರೂ ಬಿಗಿದರೆ ಪೆಟ್ಟಿಗೆಯೇ ತಮಟೆಯಾಗುತ್ತದೆ. ನಡುವೆ ರಬ್ಬರ್ ಬಿಲ್ಲೆ ಕೊಟ್ಟರೆ ಅದೇ ತೊಟ್ಟಿಲು."

ದೊರೆ ಮೊದಲ ಸಲ ಅವಳನ್ನು ನೆಟ್ಟಗೆ ನೋಡಿದ. ಕುಮುದ್ವತಿಯ ದನಿ ಮಾತ್ರ ಈಗ ಕುಗ್ಗಿತ್ತು.

"ಮಲಗಿಸುವವರು ಕೊಲ್ಲುವುದಿಲ್ಲ ಎನ್ನುತ್ತಾರೆ. ಆದರೆ ನನ್ನ ಅಮ್ಮನ ದನಿಯಿದ್ದ ಮೊದಲ ಡಿಸ್ಕನ್ನು ಮಲಗಿಸಿ ಮಲಗಿಸಿಯೇ ಕೊಂದರು. ಕೊಂದವರು ಯಾರು?"

ಮರಳಿನ ಗಡಿಯಾರ ತಿರುಗಿಸಿದರು. ಅಪ್ಪ ಎಡವಿದ್ದು ಇಲ್ಲಿಯೇ. ದೇವೀರಿ ಯೋಚಿಸಿ ಹೇಳಿದಳು: "ಕಂಪ್ಯೂಟರನ್ನು ಒಮ್ಮೆ ನೋಡಬೇಕು."

ಕೋಣೆಗೆ ಕರೆದೊಯ್ದರು. ದೊರೆ ಬಂದ, ಗಡಿಯಾರವೂ ಹಿಂದೆಯೇ ಬಂತು. ಅವಳು ಸೆಟ್ಟಿಂಗ್ ತೆರೆದಳು. ಕೆಲಸವಿಲ್ಲದಾಗ ಎಷ್ಟು ಹೊತ್ತಿಗೆ ಡಿಸ್ಕ್ ನಿಲ್ಲಬೇಕು ಎಂಬಲ್ಲಿ 'ಒಂದು ನಿಮಿಷ' ಎಂದಿತ್ತು.

"ಈ ಕಂಪ್ಯೂಟರನ್ನು ಯಾರು ಯಾರು ಮುಟ್ಟುತ್ತಾರೆ?"

"ನಾನೊಬ್ಬಳೇ. ಸತ್ತ ಡಿಸ್ಕೂ ಇದರಲ್ಲೇ ಇತ್ತು," ಎಂದಳು ಕುಮುದ್ವತಿ.

ದೇವೀರಿ ಮತ್ತೆ ಆ ಸೆಟ್ಟಿಂಗ್ ನೋಡಿದಳು. ಉತ್ತರ ಕಣ್ಣೆದುರೇ ಇತ್ತು. ಹೇಳಿದರೆ ರಾಜಕುಮಾರಿಯ ಮೇಲೆ ಕೊಲೆ ಹೊರಿಸಿದಂತೆ, ಹೇಳದಿದ್ದರೆ ಸೋತಂತೆ. ಎರಡಕ್ಕೂ ಶಿಕ್ಷೆ ಒಂದೇ. ಮರಳು ಬೆರಳಿನಷ್ಟು ಉಳಿದಿತ್ತು.

"ನೀವೇ ಅಮ್ಮಣ್ಣಿ," ಎಂದಳು.

"ನಾಲಿಗೆ ಬಿಗಿಹಿಡಿ!" ದೊರೆ ಗುಡುಗಿದ. ಕಾವಲುಗಾರನ ಕತ್ತಿ ಅರ್ಧ ಹೊರಬಂತು.

ದೇವೀರಿ ಕೈ ಮುಗಿದಳು, ಮಾತು ನಿಲ್ಲಿಸಲಿಲ್ಲ. "ಸದ್ದು ತಾಳಲಾರದೆ ಒಂದೇ ನಿಮಿಷಕ್ಕೆ ನಿಲ್ಲುವಂತೆ ಮಾಡಿದಿರಿ. ಹಾಡು ಮುಗಿಯುತ್ತದೆ, ಡಿಸ್ಕು ಮಲಗುತ್ತದೆ. ಮತ್ತೆ ಅಮ್ಮನ ನೆನಪಾಗುತ್ತದೆ, ಎಬ್ಬಿಸುತ್ತೀರಿ. ದಿನಕ್ಕೆ ನೂರು ಸಲ. ಓಡುವಾಗಿನ ಆಯಾಸಕ್ಕಿಂತ ಎದ್ದು ಹೊರಡುವಾಗಿನ ಆಯಾಸವೇ ಅದಕ್ಕೆ ದೊಡ್ಡದು. ಹಾಗೆ ಸವೆದುಹೋಯಿತು. ಇದರಲ್ಲಿ ನಿಮ್ಮ ದ್ವೇಷವೇನೂ ಇಲ್ಲ ತಾಯೀ. ಅರ್ಧ ಗಂಟೆಗೆ ಇಟ್ಟಿದ್ದರೆ ಬದುಕುತ್ತಿತ್ತು."

ಕುಮುದ್ವತಿ ತಂದೆಯ ಕೈ ಹಿಡಿದಳು.

"ಕತ್ತಿ ಒಳಗೆ ಹೋಗಲಿ, ಅಪ್ಪಾಜಿ. ಅದು ನನಗೆ ಗೊತ್ತಿತ್ತು. ಹೇಳುವವರು ಯಾರಾದರೂ ಇದ್ದಾರೆಯೇ ಎಂದು ನೋಡುತ್ತಿದ್ದೆ. ಹೆದರಿ ಸುಳ್ಳು ಹೇಳುವವರ ಕೈಗೆ ಅಮ್ಮನನ್ನು ಹೇಗೆ ಕೊಡಲಿ?"

ಮರುದಿನ ಬೆಳಿಗ್ಗೆ ದೇವೀರಿ ಕೆಲಸಕ್ಕೆ ಕೂತಳು. ನಿಧಾನದ ಎರಡು ಡಿಸ್ಕು ತಂದು ಹಾಡುಗಳನ್ನು ಎರಡಕ್ಕೂ ಇಳಿಸಿದಳು. ಒಂದಕ್ಕೊಂದು ತಾಗದಂತೆ ನಡುವೆ ಜಾಗ ಬಿಟ್ಟಳು, ಅಡಿಗೆ ರಬ್ಬರ್ ಕೊಟ್ಟಳು, ಮುಂದೆ ಮೆಲ್ಲಗೆ ತಿರುಗುವ ಅಗಲದ ಫ್ಯಾನ್ ಇಟ್ಟಳು. ನಿಲ್ಲುವ ಹೊತ್ತನ್ನು ಅರ್ಧ ಗಂಟೆ ಮಾಡಿದಳು. ಸಂಜೆ ಕುಮುದ್ವತಿ ಪೆಟ್ಟಿಗೆಯ ಮೇಲೆ ಅಂಗೈಯಿಟ್ಟಳು. ತಣ್ಣಗಿತ್ತು.

ಹಾಡು ಹಚ್ಚಿದರು. ಮೊದಲ ಸೊಲ್ಲಿಗೆ ಮುಂಚೆ ರಾಣಿ ಉಸಿರೆಳೆದುಕೊಂಡದ್ದು ಕೇಳಿಸಿತು. ಇಷ್ಟು ದಿನ ಆ ಗದ್ದಲದಲ್ಲಿ ಅದು ಯಾರ ಕಿವಿಗೂ ಬಿದ್ದಿರಲಿಲ್ಲ. ದೊರೆ ಮುಖ ತಿರುಗಿಸಿಕೊಂಡ.

"ಏನು ಬೇಕೋ ಕೇಳು," ಎಂದ ಹಾಡು ಮುಗಿದ ಮೇಲೆ.

"ಸೆರೆಯಲ್ಲಿರುವ ಎಲ್ಲರ ತಲೆ, ಮಹಾಸ್ವಾಮಿ. ಅವರವರ ಕತ್ತಿನ ಮೇಲೆಯೇ."

ದೊರೆ ಒಪ್ಪಿದ. ಅರಮನೆಯ ಹಾಡು, ಚಿತ್ರ, ಕಾಗದಪತ್ರಗಳಿದ್ದ ಕಂಪ್ಯೂಟರುಗಳೆಲ್ಲಕ್ಕೂ ಅವಳನ್ನೇ ಮೇಲ್ವಿಚಾರಕಿಯಾಗಿ ನೇಮಿಸಿದ. ರಣಧೀರ ತಲೆ ತಗ್ಗಿಸಿ ತನ್ನ ದೇಶದ ದಾರಿ ಹಿಡಿದ.

ಚೌಡಯ್ಯ ಹೊರಗೆ ಬಂದಾಗ ಬಿಸಿಲಿಗೆ ಕಣ್ಣು ಕಿರಿದಾಗಿಸಿಕೊಂಡಿದ್ದ. ಮಗಳು ಕೈ ಹಿಡಿದು ನಡೆಸಿದಳು. ಕುಂಬಾರಗೇರಿಯ ತಿರುವಿನಲ್ಲಿ ಅವನು ಕೇಳಿದ.

"ಮೂರನೆಯದಕ್ಕೆ ಏನು ಹೇಳಿದೆ, ಮಗಾ?"

"ಅಮ್ಮಣ್ಣಿಯವರೇ ಅಂದೆ, ಅಪ್ಪ. ನೀನು?"

"ಸೆಖೆ ಅಂದುಬಿಟ್ಟೆ," ಎಂದ ಚೌಡಯ್ಯ. "ನನಗೂ ಗೊತ್ತಿತ್ತು ಕಣವ್ವಾ. ಹೇಳೋಕೆ ಬಾಯಿ ಬರಲಿಲ್ಲ."