ತೊಟ್ಟಿಲಿನ ನಾಲ್ಕನೆಯ ಕಾಲು

"ಗುರುಗಳೇ, ಕಳೆದುಹೋದ ದಿನಕ್ಕೆ ಮತ್ತೆ ಹೋಗಿ ಸೇರೋದು ಹೇಗೆ?"

ಮರಿದೇವ ಈ ಪ್ರಶ್ನೆಯನ್ನು ಹೊಸ್ತಿಲ ಹೊರಗೆ ನಿಂತು ಕೇಳಿದ. ಒಂದು ಕಾಲದಲ್ಲಿ ಅವನು ಇದೇ ಮಠದಲ್ಲಿ ಗುರುಗಳ ಪಾದದ ಹತ್ತಿರ ಕೂತು ಪಾಠ ಕೇಳಿದವನು. ಒಂದು ಬೆಳಿಗ್ಗೆ ಯಾರಿಗೂ ಹೇಳದೆ ಎದ್ದುಹೋದ. ವರ್ಷಗಳಾದ ಮೇಲೆ, ತಲೆ ನೆರೆತ ಮೇಲೆ, ತಿರುಗಿ ಬಂದ. ಬಂದವನು ನೀರು ಹೊರುತ್ತಿದ್ದ, ಅಂಗಳ ಗುಡಿಸುತ್ತಿದ್ದ. ಪಾಠದ ಹೊತ್ತಿಗೆ ಮಾತ್ರ ಒಳಗೆ ಬರದೆ ಹೊಸ್ತಿಲ ಆಚೆಯೇ ನಿಲ್ಲುತ್ತಿದ್ದ. ಅವನು ಕೂರುತ್ತಿದ್ದ ಜಾಗದಲ್ಲಿ ಈಗ ಬೇರೊಬ್ಬ ಶಿಷ್ಯ ಕೂರುತ್ತಿದ್ದ.

ಗುರುಗಳಿಗೆ ಮಂಡಿನೋವು. ಒಳಗಿನ ಗೋಡೆಗೆ ಒರಗಿ ಕೂತರೆಂದರೆ ಏಳಿಸಲು ಇಬ್ಬರು ಬೇಕು. ಅಲ್ಲಿಂದಲೇ ಕೇಳಿದರು.

"ಯಾವ ದಿನಕ್ಕೆ ಹೋಗಬೇಕು ನಿಂಗೆ?"

"ನೀವು ನನ್ನ ತಲೆ ಮೇಲೆ ಕೈಯಿಟ್ಟ ದಿನಕ್ಕೆ. ಅವತ್ತು ಎದೆ ತುಂಬಿ ಬಂದಿತ್ತು. ಆಮೇಲೆ ಹಾಗೆ ಯಾವತ್ತೂ ಆಗಲಿಲ್ಲ. ಎಲ್ಲಿ ಹೋದರೂ ಅದನ್ನೇ ಹುಡುಕಿದೆ. ನಡುವಿನ ವರ್ಷಗಳನ್ನು ಅಳಿಸಿಬಿಡಿ ಗುರುಗಳೇ. ಮೊದಲಿನಿಂದ ಉಪದೇಶ ಕೊಡಿ."

"ಅಳಿಸೋಕೆ ನಾನೇನು ಸ್ಲೇಟು ಇಟ್ಕೊಂಡು ಕೂತಿದ್ದೀನೇನಯ್ಯ?" ಎಂದರು ಗುರುಗಳು. ಆಮೇಲೆ ಈ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಬಡಗಿ ಇದ್ದ. ಅವನಿಗೊಬ್ಬ ತಮ್ಮ. ಅಣ್ಣನಿಗೆ ಮರ ಗೊತ್ತಿತ್ತು, ತಮ್ಮನಿಗೆ ಯಂತ್ರ ಗೊತ್ತಿತ್ತು. ಕಂಪ್ಯೂಟರಿನಲ್ಲಿ ಬರೆದ ಚಿತ್ರವನ್ನು ಮರದಲ್ಲಿ ಕೊರೆಯುವ ಯಂತ್ರ ಈಗ ಎಲ್ಲ ಊರುಗಳಲ್ಲೂ ಬಂದಿದೆಯಲ್ಲ, ಅಂಥದ್ದೊಂದನ್ನು ಇಬ್ಬರೂ ಸೇರಿ ತಂದರು. ಅವರ ಯಂತ್ರದಲ್ಲಿ ಇನ್ನೊಂದು ವಿಶೇಷವಿತ್ತು. ಕಂಬವನ್ನೋ ಕಾಲನ್ನೋ ಅಡ್ಡಕ್ಕೆ ಕಚ್ಚಿ ಹಿಡಿದು ತಿರುಗಿಸುತ್ತಿತ್ತು. ಕೆಳಗೆ ಮರ ನಿಧಾನವಾಗಿ ತಿರುಗುವುದು, ಮೇಲೆ ಕೊರೆಯುವ ಮೊನೆ ಉದ್ದಕ್ಕೆ ಸರಿಯುವುದು. ಎರಡೂ ಒಟ್ಟಿಗೆ ನಡೆದರೆ ಮರದ ಸುತ್ತ ಬಳ್ಳಿ ಹಬ್ಬಿದ ಹಾಗೆ ತೋಡು ಬೀಳುತ್ತದೆ. ಅಂಥ ಸುರುಳಿ ಕಾಲುಗಳಿಗೆ ಜನ ದೂರದಿಂದ ಬರುತ್ತಿದ್ದರು.

ಅಣ್ಣನಿಗೆ ಮಕ್ಕಳಿರಲಿಲ್ಲ. ಅವನೂ ಅವನ ಹೆಂಡತಿಯೂ ಅದನ್ನು ಯಾರ ಮುಂದೂ ಆಡಿದವರಲ್ಲ. ತಮ್ಮನ ಹೆಂಡತಿ ಬಸುರಿ ಎಂದು ತಿಳಿದ ದಿನ ಅಣ್ಣ ತಾನು ಕೂಡಿಟ್ಟಿದ್ದ ಹೊನ್ನೆ ಮರವನ್ನು ಹೊರಗೆ ತೆಗೆದ. ತೊಟ್ಟಿಲು ಮಾಡೋಣ ಎಂದ. ನೆಲದ ಮೇಲೆ ನಿಲ್ಲುವ ತೊಟ್ಟಿಲು, ನಾಲ್ಕು ಸುರುಳಿ ಕಾಲು, ನಡುವೆ ತೂಗುವ ಬುಟ್ಟಿ. ಹೆರುವ ಮನೆಯವರಿಗಿಂತ ಇವನಿಗೇ ಅವಸರ. ಮಗುವನ್ನು ತೂಗುವವನು ತಾನೇ ಎಂದು ಆಗಲೇ ಎಲ್ಲರಿಗೂ ಹೇಳಿಟ್ಟಿದ್ದ.

ಮೂರು ಕಾಲು ಮುಗಿದವು. ನಾಲ್ಕನೆಯದು ಯಂತ್ರದಲ್ಲಿ ಅರ್ಧ ಕೊರೆದಿತ್ತು. ಆ ಹೊತ್ತಿಗೆ ಒಬ್ಬ ವ್ಯಾಪಾರಿ ಬಂದ. ಮುಗಿದ ಕಾಲುಗಳನ್ನು ಕೈಯಲ್ಲಿ ಹಿಡಿದು ನೋಡಿ, ಎಂಥ ಕೆಲಸ, ಇದು ಯಾರ ಕೈಯದು ಎಂದು ಕೇಳಿದ. ತಮ್ಮ ಯಂತ್ರದ ಪಕ್ಕದಲ್ಲೇ ನಿಂತಿದ್ದ. ಅಣ್ಣ ಏನು ಹೇಳಬಹುದಿತ್ತು? ನಮ್ಮಿಬ್ಬರದೂ ಎಂದಿದ್ದರೆ ಮುಗಿಯುತ್ತಿತ್ತು. ನಾಲಿಗೆಗೆ ಮೂಳೆಯಿಲ್ಲವಲ್ಲ. "ಮರ ಆರಿಸಿದ್ದು, ಹದ ಮಾಡಿದ್ದು ನಾನು. ಇವನು ಗುಂಡಿ ಒತ್ತುತ್ತಾನೆ ಅಷ್ಟೆ" ಎಂದು ನಕ್ಕ.

ತಮ್ಮ ನಗಲಿಲ್ಲ. ಯಂತ್ರ ನಿಲ್ಲಿಸಿದ. ಕೈ ಒರೆಸಿಕೊಂಡ. ಆ ವಾರವೇ ಹೆಂಡತಿಯನ್ನು ಕರೆದುಕೊಂಡು ಊರು ಬಿಟ್ಟ. ಅಣ್ಣನಿಗೂ ಸಿಟ್ಟು ನೆತ್ತಿಗೇರಿತ್ತು. ಒಂದು ಮಾತಿಗೆ ಮನೆ ಬಿಟ್ಟು ಹೋಗುವವನು ಹೋಗಲಿ ಎಂದು ಅರ್ಧ ಕೊರೆದ ಕಾಲನ್ನು ಯಂತ್ರದಿಂದ ಬಿಚ್ಚಿ ಮೂಲೆಗೆ ಎಸೆದ. ಯಂತ್ರ ಹಿಡಿದಿದ್ದ ಜಾಗಕ್ಕೆ ಒಂದು ಗುರುತು ಕೂಡ ಹಾಕಲಿಲ್ಲ. ಅಲ್ಲೇ ಅವನು ಕೆಟ್ಟದ್ದು. ಆ ಕೆಲಸದವರು ಯಾರೂ ಹಾಗೆ ಮಾಡುವುದಿಲ್ಲ. ಮರ ಯಾವ ಮಗ್ಗುಲಲ್ಲಿ ನಿಂತಿತ್ತು ಎನ್ನುವುದು ಯಂತ್ರಕ್ಕೆ ತಿಳಿಯದು. ಹಿಡಿತ ಬಿಟ್ಟರೆ ಆ ಲೆಕ್ಕ ಹೋಯಿತು. ಮತ್ತೆ ಕೂರಿಸಿದಾಗ ಮರ ಒಂದು ಕೂದಲು ಆಚೀಚೆಯಾದರೂ ಮೊನೆ ಹಳೆಯ ತೋಡಿಗೆ ಇಳಿಯುವುದಿಲ್ಲ, ಪಕ್ಕದಲ್ಲಿ ಉಬ್ಬಿ ನಿಂತ ಏಣನ್ನು ಕಡಿಯುತ್ತದೆ.

ಹೆಣ್ಣುಮಗು ಹುಟ್ಟಿತು ಎಂಬ ಸುದ್ದಿ ಬೇರೆಯವರಿಂದ ಬಂತು. ಹೆಸರಿಡಲು ಕರೆಯುತ್ತಾರೆ ಎಂದು ಅಣ್ಣನೂ ಅವನ ಹೆಂಡತಿಯೂ ಹೊಸ ಬಟ್ಟೆ ತೆಗೆದಿಟ್ಟುಕೊಂಡು ಕಾದರು. ಕರೆ ಬರಲಿಲ್ಲ. ಅಣ್ಣ ತಾನಾಗಿ ಹೋಗಬಹುದಿತ್ತು. ಹೋಗಲಿಲ್ಲ. ಆ ಬಟ್ಟೆಯನ್ನು ಮತ್ತೆ ಪೆಟ್ಟಿಗೆಗೆ ಹಾಕಿದರು.

ಹೊಟ್ಟೆಪಾಡಿಗೆ ಅಣ್ಣ ಆ ಯಂತ್ರವನ್ನು ತಾನೇ ಕಲಿಯಬೇಕಾಯಿತು. ಎಷ್ಟೋ ಮರ ಹಾಳುಮಾಡಿ ಕಲಿತ. ಗುಂಡಿ ಒತ್ತುವುದು ಎಂದರೆ ಏನು ಎಂದು ಆಗ ಅವನಿಗೆ ತಿಳಿಯಿತು. ತಿಳಿದಷ್ಟೂ ತಮ್ಮನ ನೆನಪು ಹೆಚ್ಚಾಯಿತು. ಮೂರು ಕಾಲನ್ನಷ್ಟೇ ಜೋಡಿಸಿದ ತೊಟ್ಟಿಲು ಗೋಡೆಗೆ ಒರಗಿಕೊಂಡು ನಿಂತಿತ್ತು. ಅದನ್ನು ಮಾರಲೂ ಇಲ್ಲ, ಅಟ್ಟಕ್ಕೆ ಏರಿಸಲೂ ಇಲ್ಲ. ಬೇರೆ ಮರ ತಗೊಂಡು ಇನ್ನೊಂದು ಕಾಲು ಮಾಡಬಹುದಿತ್ತಲ್ಲ ಎಂದು ನೀನು ಕೇಳುತ್ತೀಯ. ಅವನ ಹೆಂಡತಿಯೂ ಅದನ್ನೇ ಕೇಳಿದಳು. ಅವನಿಗೆ ಬೇರೆ ಕಾಲು ಬೇಕಿರಲಿಲ್ಲ. ತಮ್ಮ ನಿಲ್ಲಿಸಿಹೋದ ಕಾಲೇ ಬೇಕಿತ್ತು.

ಒಂದು ದಿನ ಅದನ್ನು ಮೂಲೆಯಿಂದ ಎತ್ತಿದ. ವರ್ಷಗಟ್ಟಲೆ ಅಲ್ಲೇ ಬಿದ್ದಿದ್ದು ಅದರ ತುದಿ ಸೀಳುಬಿಟ್ಟಿತ್ತು. ಸುರುಳಿ ಶುರುವಾದ ತುದಿಯೇ ಅದು. ಸೀಳಿದ್ದನ್ನು ಯಂತ್ರ ಹಿಡಿಯುವುದಿಲ್ಲ, ಕೊಯ್ದುಹಾಕಿದ. ಉಳಿದದ್ದನ್ನು ಕಣ್ಣಳತೆಯಲ್ಲಿ ಕೂರಿಸಿ, ದೇವರನ್ನು ನೆನೆದು, ಮೊದಲಿನಿಂದ ಎಂದು ಯಂತ್ರಕ್ಕೆ ಹೇಳಿದ. ಮೊನೆ ಇಳಿಯಿತು. ಹಳೆಯ ತೋಡನ್ನು ಬಿಟ್ಟು ಏಣಿನ ಮೇಲೆ ಹಾದು ಕಚಕ್ಕನೆ ಕಡಿಯಿತು. ನಿಲ್ಲಿಸುವಷ್ಟರಲ್ಲಿ ಕಾಲಿನ ಮೇಲೆ ಗಾಯವಾಗಿತ್ತು.

ಅಲ್ಲಿಂದ ಮುಂದೆ ಮೊನೆ ಇಳಿಸಲು ಅವನಿಗೆ ಧೈರ್ಯ ಸಾಲಲಿಲ್ಲ. ಕೂರಿಸುತ್ತಾನೆ, ಇಷ್ಟು ಹಿಂದಕ್ಕೆ ತಿರುಗಿಸುತ್ತಾನೆ, ಬಗ್ಗಿ ನೋಡುತ್ತಾನೆ, ಬಿಚ್ಚುತ್ತಾನೆ. ಆ ದಿನ ಅದು ಎಲ್ಲಿ ಶುರುವಾಗಿತ್ತೋ ಆ ಜಾಗ ಸಿಕ್ಕರೆ ಎಲ್ಲವೂ ಸಿಕ್ಕಿತು ಎಂದು ಅವನ ಲೆಕ್ಕ. ಬೇರೆ ಕೆಲಸಗಳನ್ನು ವಾಪಸು ಕಳಿಸತೊಡಗಿದ. ಅವರಿಗೆ ಮರ ಕೊಡುತ್ತಿದ್ದ ಸಾಹುಕಾರ ಇದನ್ನು ನೋಡಿ ನೋಡಿ ಸಾಕಾಗಿ, ತಮ್ಮನಿದ್ದ ಊರಿಗೆ ಹೋದಾಗ ಹೇಳಿದ. "ನಿಮ್ಮಣ್ಣ ಒಂದೇ ಕಾಲನ್ನ ಹಾಕ್ತಾನೆ, ತೆಗೀತಾನೆ, ಹಾಕ್ತಾನೆ, ತೆಗೀತಾನೆ. ಮರ ತಗೋಳೋದನ್ನೇ ಬಿಟ್ಟಿದ್ದಾನೆ. ಅವನಿಗಾಗಿ ಅಲ್ಲದಿದ್ರೆ ನನ್ನ ವ್ಯಾಪಾರಕ್ಕಾದ್ರೂ ಬಂದು ನೋಡು ಮಾರಾಯ."

ತಮ್ಮ ಯಾವ ಕಾಲು ಎಂದು ಕೇಳಲಿಲ್ಲ. ಮಗಳನ್ನು ಕರೆದುಕೊಂಡು ಬಂದ. ಅವಳು ಆಗಲೇ ಲಂಗದಾವಣಿ ಹಾಕುವಷ್ಟು ಬೆಳೆದಿದ್ದಳು.

ಬಾಗಿಲಲ್ಲಿ ತಮ್ಮನನ್ನು ಕಂಡು ಅಣ್ಣ ಯಂತ್ರ ಬಿಟ್ಟು ಎದ್ದು ಬಂದ. ಒಂದೇ ಉಸಿರಿಗೆ ಹೇಳಿದ. "ಅವತ್ತು ಆ ಮಾತು ನಾನು ಆಡಲೇ ಇಲ್ಲ ಅಂದ್ಕೋ ಕಣೋ. ಅವತ್ತು ಎಲ್ಲಿದ್ವೋ ಅಲ್ಲಿಗೇ ಹೋಗಿಬಿಡೋಣ."

"ಆಡಿದ್ದೀಯಲ್ಲ ಅಣ್ಣ" ಎಂದ ತಮ್ಮ. ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಯಂತ್ರದ ಹತ್ತಿರ ಹೋಗಿ ಕಾಲಿನ ಮೇಲೆ ಕೈಯಾಡಿಸಿದ. ಗಾಯದ ಹತ್ತಿರ ಬೆರಳು ನಿಂತಿತು. "ಶುರು ಎಲ್ಲಿ?"

"ಸೀಳಿತ್ತು. ಕೊಯ್ದುಬಿಟ್ಟೆ."

"ಇಲ್ಲದೆ ಇರೋ ಜಾಗವನ್ನ ಇಷ್ಟು ದಿನ ಹುಡುಕಿದ್ಯಾ?" ಎಂದು ತಮ್ಮ ನಕ್ಕ. "ಇದು ಸುರುಳಿ ಅಣ್ಣ. ಎಲ್ಲಿ ಮುಟ್ಟಿದ್ರೂ ಅದೇ ತೋಡು. ಇದನ್ನ ಹಿಂದಕ್ಕೆ ತಿರುಗಿಸೋದು ಯಾಕೆ? ಇದು ಈಗ ಹೆಂಗೆ ಕೂತಿದೆಯೋ ಹಂಗೇ ಇರ್ಲಿ. ಮೊನೆಯನ್ನ ಒಂದಿಷ್ಟು ಮುಂದಕ್ಕೆ ಸರಿಸಿದ್ರೆ ಆಯ್ತು."

ಮರವನ್ನು ಅವನು ಮುಟ್ಟಲಿಲ್ಲ. ಮೊನೆಯನ್ನು ಮಾತ್ರ ಮೆಲ್ಲಗೆ ಉದ್ದಕ್ಕೆ ಸರಿಸುತ್ತ ಬಂದ. ಒಂದು ಕಡೆ ಅದು ತೋಡಿನ ನಡುವಿಗೆ ಬಂದು ನಿಂತಿತು. ಇಳಿಸಿದ. ಏಣನ್ನು ತಾಕದೆ ಇಳಿಯಿತು. ಅಲ್ಲಿಂದಲೇ ಯಂತ್ರ ಹೊರಟಿತು.

ಮೊದಮೊದಲು ಅದು ಏನನ್ನೂ ಕೊರೆಯಲಿಲ್ಲ. ಹಳೆಯ ತೋಡಿನೊಳಗೆ ಸುಮ್ಮನೆ ಹೋಗುತ್ತಿತ್ತು. ಮರ ತಿರುಗುತ್ತಿತ್ತು, ಮೊನೆ ಸರಿಯುತ್ತಿತ್ತು, ಮರದ ಹೊಟ್ಟು ಬೀಳುತ್ತಿರಲಿಲ್ಲ. ಹಿಂದೆ ಕೊರೆದದ್ದನ್ನೆಲ್ಲ ಅದು ಸುತ್ತಿ ಸುತ್ತಿ ದಾಟಬೇಕಾಗಿತ್ತು. ಇಬ್ಬರೂ ನೋಡುತ್ತ ನಿಂತರು. ತಮ್ಮ ಯಂತ್ರ ನಿಲ್ಲಿಸಿಹೋದ ಜಾಗ ಬಂತು. ಮೊನೆ ಮರವನ್ನು ಕಚ್ಚಿತು. ಆ ಸದ್ದು ಕೇಳಿ ಅಣ್ಣ ಅಳತೊಡಗಿದ. ಹೊಟ್ಟು ಅವನ ಪಾದದ ಮೇಲೆ ಬೀಳುತ್ತಿತ್ತು. ಅವನು ಕಾಲು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಕಾಲು ಮುಗಿಯಿತು. ತುದಿ ಕೊಯ್ದದ್ದಕ್ಕೆ ಗಿಡ್ಡವಾಗಿತ್ತು. ಗಾಯಕ್ಕೆ ಮರದ ಪುಡಿಯನ್ನೂ ಅಂಟನ್ನೂ ಕಲಸಿ ತುಂಬಿದರು, ಆದರೂ ಕಾಣುತ್ತಿತ್ತು. ಅಣ್ಣ ಗರಗಸ ತಂದು, ಚೆನ್ನಾಗಿದ್ದ ಆ ಮೂರು ಕಾಲುಗಳನ್ನೂ ಇದರ ಅಳತೆಗೆ ಕೊಯ್ದ. ತೊಟ್ಟಿಲು ಅಲುಗಾಡದೆ ನಿಂತಿತು.

"ಯಾರದು ದೊಡ್ಡಪ್ಪ ಇದು?" ಎಂದು ಹುಡುಗಿ ಕೇಳಿದಳು.

"ನಿಂದೇ ಕಣಮ್ಮ" ಎಂದ ಅವನು.

ಅವಳು ತೊಟ್ಟಿಲನ್ನೂ ನೋಡಿದಳು, ತನ್ನ ಉದ್ದ ಕಾಲುಗಳನ್ನೂ ನೋಡಿಕೊಂಡಳು. ಅವಳಿಗೆ ನಗು ತಡೆಯಲಿಲ್ಲ. ಎಲ್ಲರೂ ನಕ್ಕರು, ಅವನೂ ನಕ್ಕ.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿ ನೀರು ಕುಡಿದರು.

ಮರಿದೇವ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಿದ್ದ. "ಹಾಗಾದ್ರೆ ಆ ಮಗುವನ್ನ ಅವನು ತೂಗಲೇ ಇಲ್ಲ."

"ಇಲ್ಲ."

"ಆ ಆಸೆ ಏನಾಯ್ತು?"

"ಎಲ್ಲಿ ಹೋಗುತ್ತೆ? ಇದ್ದೇ ಇತ್ತು. ಎಲ್ಲರೂ ಊಟಕ್ಕೆ ಎದ್ದಮೇಲೆ ಅವನು ಖಾಲಿ ತೊಟ್ಟಿಲನ್ನ ಒಂದು ಸಲ ತೂಗಿ ನೋಡಿದ. ಆಮೇಲೆ ತಮ್ಮನ ಪಕ್ಕದಲ್ಲಿ ಹೋಗಿ ಉಣ್ಣೋಕೆ ಕೂತ."

ಮರಿದೇವ ಕಣ್ಣೊರೆಸಿಕೊಂಡ. ಒಳಗೆ ನೋಡಿದ. ಅವನ ಹಳೆಯ ಜಾಗದಲ್ಲಿ ಕೂತಿದ್ದ ಶಿಷ್ಯ ಗಾಬರಿಯಿಂದ ಏಳಲು ಹೊರಟ. ಗುರುಗಳು ಅವನಿಗೆ ಕೂತಿರು ಎಂದು ಸನ್ನೆ ಮಾಡಿದರು.

"ಗುರುಗಳೇ, ನನ್ನ ಜಾಗ ಹೋಯ್ತು. ನಾನೆಲ್ಲಿ ಕೂರಲಿ?"

ಗುರುಗಳು ಎರಡೂ ಅಂಗೈಗಳನ್ನು ನೆಲಕ್ಕೆ ಊರಿದರು. ನೋಯುವ ಮಂಡಿಗಳನ್ನು ಒಂದೊಂದಾಗಿ ಎತ್ತಿಟ್ಟರು. ಹಿಡಿಯಲು ಬಂದವರನ್ನು ಬೇಡವೆಂದರು.

"ನಿಂತಿದ್ದೀಯಲ್ಲ, ಅಲ್ಲೇ ಕೂತ್ಕೋ; ನಾನೇ ಒಂದಿಷ್ಟು ಮುಂದಕ್ಕೆ ಸರೀತೀನಿ."