ಮೊಲದ ಶೇಕಡಾ ಇಪ್ಪತ್ತೈದು

ಕಾಡಿನಲ್ಲೊಂದು ಮೊಲವಿತ್ತು, ಆಣೆ ಮಾಡಿ ಹೇಳುತ್ತೇನೆ, ಅದಕ್ಕೆ ನಿಜವಾಗಿಯೂ ಮೂರೇ ಕಾಲು. ಹುಲ್ಲುಗಾವಲಿನವರೆಗೆ ಕುಂಟಿಕೊಂಡು ಹೋಗಲಾರದೆ ಅದು ಉಪವಾಸ ಬಿದ್ದಿದ್ದಾಗ, ಅಂಗವಿಕಲರ ಬಿಲದ ಬಾಗಿಲಿಗೇ ದಿನಾ ಹುಲ್ಲು ತಲುಪಿಸುವುದಾಗಿ ಸಿಂಹರಾಜನ ಸರ್ಕಾರ ಸಾರಿತು. ಮೊಲವೂ ಅರ್ಜಿ ಹಾಕಿತು. ತಪಾಸಣೆಯೂ ಬಾಗಿಲಲ್ಲೇ. ತಪಾಸಣೆಯ ಅಧಿಕಾರಿಯಾಗಿ ಬಂದದ್ದು ತೋಳ.

"ಹೊರಗೆ ಬಾರಮ್ಮ, ಕಾಲು ಎಣಿಸಬೇಕು," ಎಂದಿತು.

ಮೊಲ ಬಿಲದ ಮೂಲೆಗೆ ಸರಿಯಿತು. "ಅಲ್ಲಿಂದಲೇ ಎಣಿಸಿಕೊಳ್ಳಿ ಸ್ವಾಮಿ."

"ಒಳಗೆ ಕತ್ತಲು. ಬರದಿದ್ದರೆ ಗೈರುಹಾಜರಿ ಅಂತ ಬರೆಯುತ್ತೇನೆ."

ಹಸಿವು ತಳ್ಳಿತು, ಮೊಲ ಕುಂಟುತ್ತ ಹೊರಬಂತು. ತೋಳ ಸುತ್ತಲೂ ಮೂಸಿ ಮೂಸಿ ಎಣಿಸಿತು. "ನಾಲ್ಕರಲ್ಲಿ ಒಂದಿಲ್ಲ ಅಂದರೆ ಶೇಕಡಾ ಇಪ್ಪತ್ತೈದು. ಯೋಜನೆಗೆ ನಲವತ್ತಾದರೂ ಬೇಕಲ್ಲಮ್ಮ!"

"ಹಾಗಾದರೆ ನನ್ನ ಗತಿ?"

"ಹೆದರಬೇಡ, ಸರ್ಕಾರ ನಿನ್ನ ಪರವಾಗಿಯೇ ಇದೆ. ಇನ್ನೊಂದು ಕಾಲು ಹೋದರೆ ಐವತ್ತಾಗುತ್ತದೆ," ಎನ್ನುತ್ತ ತೋಳ ಬಾಯಿ ಚಪ್ಪರಿಸಿಕೊಂಡು ಹತ್ತಿರ ಬಂತು.

ಮೊಲ ಜೀವ ಕೈಯಲ್ಲಿ ಹಿಡಿದುಕೊಂಡು, ಮೂರೇ ಕಾಲಲ್ಲಿ ಪೊದೆ ಹಾರಿ, ಹಳ್ಳ ದಾಟಿ, ಗುಡ್ಡದಾಚೆ ಓಡಿಹೋಯಿತು.

ಅಟ್ಟಿಸಿಕೊಂಡು ಹೋದ ತೋಳಕ್ಕೆ ಅದು ಸಿಗಲಿಲ್ಲ. ಏದುಸಿರು ಬಿಡುತ್ತಲೇ ಕಡತ ಬಿಚ್ಚಿ ಬರೆಯಿತು: "ಅರ್ಜಿದಾರರು ಚೆನ್ನಾಗಿ ಓಡುತ್ತಾರೆ. ಅರ್ಜಿ ವಜಾ."