ಎರಡು ತುತ್ತೂರಿ, ಒಂದು ಹಗಲು

ಚಿಕ್ಕತಾಯಿಯ ಕೈಯಲ್ಲಿ ಇದು ಆಗುವ ಕೆಲಸವಲ್ಲ ಎಂದವನು ಡೋಲಿನ ನಂಜಯ್ಯ. "ಹೂ ಕಟ್ಟೋ ಕೈ ಅದು. ತುತ್ತೂರಿ ಊದೋಕೆ ಎದೇಲಿ ತಿದಿ ಇರಬೇಕು," ಎಂದು ಇಡೀ ಬ್ಯಾಂಡಿನೆದುರು ನಕ್ಕಿದ್ದ.

ಅದಾಗಿ ಎರಡು ವರ್ಷ. ಹೊಳೆದಂಡೆಯ ಚಪ್ಪರದಲ್ಲಿ ಬ್ಯಾಂಡಿನ ಅಂತೋಣಪ್ಪ ಮೇಷ್ಟ್ರು ಹೇಳಿಕೊಡುವ ಪಾಠವನ್ನು ಅವಳು ಒಂದು ದಿನವೂ ತಪ್ಪಿಸಿರಲಿಲ್ಲ.

ನಾಳೆ ಮದುವೆ ಮೆರವಣಿಗೆ. ಬ್ಯಾಂಡಿನಲ್ಲಿ ತುತ್ತೂರಿಯ ಒಂದು ಜಾಗ ಖಾಲಿ ಇತ್ತು. ಅದು ತನ್ನದಾಗಬೇಕು, ಅಷ್ಟೇ.

ಬೆಳಿಗ್ಗೆ ಮೇಷ್ಟ್ರು ಎರಡು ತುತ್ತೂರಿ ಮುಂದಿಟ್ಟರು. ಒಂದಕ್ಕೆ ಮೂರು ಪಿಸ್ಟನ್, ಒಂದೊಂದೂ ಅದರದರ ಕೊಳವೆಯೊಳಗೆ. ಒತ್ತಿದರೆ ಕೆಳಗಿಳಿದು, ಬಿಟ್ಟರೆ ಪುಟಿದೇಳುತ್ತಿದ್ದವು. ಇನ್ನೊಂದು ರೋಟರಿಯದು; ಬೆರಳಿಟ್ಟರೆ ಒಳಗಿನ ಗುಂಡು ಸದ್ದಿಲ್ಲದೆ ಕಾಲು ಸುತ್ತು ತಿರುಗಿ ಗಾಳಿಯ ದಾರಿ ಬದಲಿಸುತ್ತಿತ್ತು.

"ಯಾವುದು ಮೇಲು ಮೇಷ್ಟ್ರೇ?"

"ಎರಡನ್ನೂ ಬಿಚ್ಚಿ, ತೊಳೆದು, ಜೋಡಿಸ್ಕೊಂಡು ಬಾ. ಸಂಜೆಗೆ ನೀನೇ ಹೇಳು. ಮೇಲು ಅಂದಿದ್ದನ್ನ ಊದಿ ತೋರಿಸಿದ್ರೆ ಅದೂ ನಿನ್ನದು, ನಾಳೆಯ ಜಾಗಾನೂ ನಿನ್ನದು."

ಮೊದಲು ರೋಟರಿ ಹಿಡಿದಳು. ಸಣ್ಣ ತಿರುಪು, ಅದರಡಿ ಇನ್ನೊಂದು, ಅದರಡಿ ಬಿಗಿದು ಕೂತ ಬಿಲ್ಲೆ. ಜಪ್ಪಯ್ಯ ಎಂದರೂ ಅಲುಗಲಿಲ್ಲ. ತಿರುಪು ಬಿಗಿದು, ಒಳಗೆ ನೀರು ಹಾಯಿಸಿ ಪಕ್ಕಕ್ಕಿಟ್ಟಳು.

ಪಿಸ್ಟನ್‌ಗಳು ಕೈಯಲ್ಲೇ ಬಿಚ್ಚಿ ಬಂದವು. ತೊಳೆದಳು, ಒರೆಸಿದಳು, ಎಣ್ಣೆ ಹಚ್ಚಿ ಒಳಗಿಳಿಸಿದಳು. ಊದಿದಳು.

ತುತ್ತೂರಿ ಉಸಿರೆತ್ತಲಿಲ್ಲ.

ಮತ್ತೆ ಊದಿದಳು. ಕಣ್ಣು ಕೆಂಪಾಯಿತು, ತುಟಿ ಊದಿಕೊಂಡಿತು. ಒಳಗೆ ಗೋಡೆ ಕಟ್ಟಿದ ಹಾಗಿತ್ತು.

ಡೋಲು ಹೆಗಲಿಗೇರಿಸಿ ಆ ದಾರಿಯಲ್ಲೇ ಬಂದ ನಂಜಯ್ಯ ನಿಂತ. "ಏನವ್ವ, ಒಲೆ ಊದ್ತಿದೀಯ? ಬೆಂಕಿ ಹತ್ಕೊಂತಾ?"

ಅವಳು ರೋಟರಿ ಎತ್ತಿ ಊದಿದಳು. ಸ್ವರಗಳು ಒಂದರಿಂದೊಂದಕ್ಕೆ ನುಣ್ಣಗೆ ಜಾರಿದವು.

ನಂಜಯ್ಯನ ಹುಬ್ಬೇರಿತು. "ಮತ್ತಿನ್ನೇನು? ಇದೇ ಮೇಲು ಅನ್ನು. ಮುಗೀತು ಕೆಲಸ."

"ಅದನ್ನ ಮೂಗಿ ಮಾಡಿದವಳು ನಾನು. ಹಾಗೇ ಬಿಟ್ಟು ಹೋಗಲ್ಲ."

"ಹಂಗಾದ್ರೆ ಮೇಷ್ಟ್ರನ್ನ ಕೇಳು."

"ಕೇಳಲ್ಲ."

"ಹಠಮಾರಿ!" ಎಂದು ನಂಜಯ್ಯ ಅಲ್ಲೇ ಕಲ್ಲಿನ ಮೇಲೆ ಕೂತ. ಈ ತಮಾಷೆ ಮುಗಿಯುವವರೆಗೂ ಅವನು ಏಳುವಂತಿರಲಿಲ್ಲ.

ಬಿಸಿಲು ನೆತ್ತಿಯಿಂದ ಇಳಿಯಿತು. ಎಷ್ಟನೆಯದೋ ಸಲ ಪಿಸ್ಟನ್ ಹೊರತೆಗೆದು ಬೆಳಕಿಗೆ ತಿರುಗಿಸಿದಳು. ಅದರ ಕತ್ತಿನ ಬಳಿ ಗೀರಿನಂಥದ್ದು ಏನೋ ಕಂಡಿತು. ಕಡಲೆಕಾಯಿ ಪೊಟ್ಟಣಗಳ ಕಾಗದ ಬಿಡಿಸಿ ಬಿಡಿಸಿ ಓದು ಕಲಿತವಳು ಅವಳು. ಎಲ್ಲಿ ಏನು ಬರೆದಿದ್ದರೂ ಬಿಡುವವಳಲ್ಲ. ಸೆರಗಿನಿಂದ ಉಜ್ಜಿದಳು.

ಅಂಕಿ! ಸವೆದುಹೋದ ಮೂರು.

ಅದು ಕೂತಿದ್ದ ಕೊಳವೆಯ ಮೇಲೂ ಅಂಕಿ ಇತ್ತು. ಒಂದು.

ಒಂದರ ಮನೆಯಲ್ಲಿ ಮೂರು, ಮೂರರ ಮನೆಯಲ್ಲಿ ಒಂದು ಕೂತು, ಗಾಳಿಗೆ ಬಾಗಿಲೇ ಇಲ್ಲದಂತಾಗಿತ್ತು. ಚಿಕ್ಕತಾಯಿ ಬಿದ್ದು ಬಿದ್ದು ನಕ್ಕಳು. ಅದಲು ಬದಲು ಮಾಡಿ ಊದಿದಳು.

ಆಚೆ ದಡದ ಬೆಳ್ಳಕ್ಕಿಗಳು ಒಟ್ಟಿಗೇ ಎದ್ದವು. ನಂಜಯ್ಯನ ಕೈ ಅವನನ್ನು ಕೇಳದೆಯೇ ಡೋಲಿನ ಮೇಲೆ ಬಿತ್ತು. ಅವಳು ನಿಲ್ಲಿಸಲಿಲ್ಲ, ಅವನೂ ನಿಲ್ಲಿಸಲಿಲ್ಲ.

ಸಂಜೆ ಮೇಷ್ಟ್ರು ಕೇಳಿದರು, "ಯಾವುದು ಮೇಲಮ್ಮ?"

"ರೋಟರಿ ನುಣ್ಣಗೆ ಹಾಡ್ತದೆ. ಈ ಪಿಸ್ಟನ್ನಿಂದು ಟಕಟಕ ಅಂತದೆ. ಕೂತು ಹಾಡೋಕೆ ಅದೇ ಮೇಲು. ಆದ್ರೆ ನಡುಬೀದೀಲಿ ಧೂಳು ಹೊಕ್ಕು ಅದು ನಿಂತ್ರೆ, ಬಿಚ್ಚೋಕಾಗದೆ ನಾನೂ ನಿಲ್ಲಬೇಕು. ಇದು ನಿಂತ್ರೆ ಸೆರಗಲ್ಲಿ ಒರೆಸಿ ಮತ್ತೆ ಊದ್ತೀನಿ. ನನಗೆ ಇದು."

"ತಗೋ, ನಿನ್ನದೇ."

"ನನ್ನದೇ. ಒಂದು ಹಗಲು ಹೋಯ್ತು, ತುಟಿ ಬದನೆಕಾಯಿ ಆಯ್ತು," ಎಂದು ಅವಳು ತುತ್ತೂರಿಯನ್ನು ಎದೆಗವಚಿಕೊಂಡಳು. "ಅಂಕಿ ಇದೆ ಅಂತ ಬೆಳಿಗ್ಗೇನೇ ಒಂದು ಮಾತು ಹೇಳಬಾರದಿತ್ತಾ ಮೇಷ್ಟ್ರೇ?"

"ಹೇಳಬಹುದಿತ್ತು. ಆಗ ಅದು ನನ್ನ ತುತ್ತೂರಿಯಾಗೇ ಉಳಿಯೋದು."